ದಪ್ಪಗಾದ ಹೃದಯ, ನಿನ್ನ ಮೊಂಡುತನ

ಹಟಮಾರಿ ಅಣ್ಣಾ,

ಶಹಾಪುರದ ದವಾಖಾನೆಯಲ್ಲಿ ಎದೆಗೆ ವೈರು ಅಂಟಿಸಿಕೊಂಡು ಮಲಗಿದ್ದಾಗಲೂ ನೀನು ಮೀಸೆಯಲ್ಲೇ ನಗುತ್ತಿದ್ದೆ. ಉಸುಕಿನ ಚೀಲ ಎತ್ತಿ ಸುರಪುರದಲ್ಲಿ ಹೆಸರು ಮಾಡಿದವನಿಗೆ ಇಸಿಜಿ ಯಾಕೆ ಅಂತ! ತಾಲೀಮಿನಲ್ಲಿ ನೀನು ಕಣ್ಣು ಕತ್ತಲೆ ಬಂದು ಕುಸಿದಿದ್ದೆ, ಅದಕ್ಕೇ ನಾನು ಎಳೆದುಕೊಂಡು ಹೋಗಿದ್ದೆ. ಡಾಕ್ಟರು ಕಾಗದದ ಗೆರೆಗಳನ್ನು ನೋಡಿ, "ಹೃದಯದ ಸ್ನಾಯು ದಪ್ಪ ಆಗಿರೊ ಹಂಗ ಕಾಣ್ತದ. ಕಲಬುರಗಿಗಿ ಹೋಗಿ ಎಕೋ ಸ್ಕ್ಯಾನ್ ಮಾಡಿಸ್ರಿ. ಅಲ್ಲಿ ತನಕ ಭಾರ ಎತ್ತಬ್ಯಾಡ್ರಿ" ಅಂದರು. ನೀನು ಏನಂದೆ? "ಎತ್ತಿ ಎತ್ತಿ ರಟ್ಟಿ ದಪ್ಪ ಆದ್ರ ಜೋರ್ ಬಂತು ಅಂತೀವಿ. ಹೃದಯ ದಪ್ಪ ಆದ್ರ ಬ್ಯಾನಿ ಹೆಂಗ ಆಗ್ತದ್ರಿ?"

ರಂಗಂಪೇಟೆಯ ಚಹಾದಂಗಡಿಯಲ್ಲಿ ಆ ಕಾಗದವನ್ನು ಬಹುಮಾನ ಬಂದವನ ಹಾಗೆ ಎಲ್ಲರಿಗೂ ತೋರಿಸಿದೆಯಲ್ಲ! "ಒಳಗೂ ಕಸರತ್ತು ಮಾಡ್ಸಿದಿ ಬಿಡಲೇ ಮಲ್ಯಾ!" ಎಂದು ಗೆಳೆಯರು ಬೆನ್ನು ಚಪ್ಪರಿಸಿದರು. ನಾನು ಕಲಬುರಗಿ ಅಂದಾಗೆಲ್ಲ, "ಮುಂದಿನ ವಾರ ನೋಡೂಣು, ಸುಮ್ಕಿರ." ಆ ಮುಂದಿನ ವಾರ... ಹೆಗಲ ಮೇಲಿನ ಚೀಲದ ಸಮೇತ ಬಿದ್ದವನು ನೀನು ಮತ್ತೆ ಏಳಲಿಲ್ಲ. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆ ಗೊತ್ತೇನು?

ನಿನ್ನ ಮಣ್ಣು ಮುಗಿಸಿ ಬಂದ ದಿನ ಅವ್ವನದು ಒಂದೇ ಮಾತು: "ಮಂದಿ ಕಣ್ಣು ಬಿತ್ತು ನನ್ನ ಮಗಗ." ಇದು ವಂಶದಲ್ಲಿ ಬರುವ ಬೇನೆಯೂ ಇರಬಹುದು, ಮಗಳ ಹೃದಯವನ್ನೂ ನೋಡಿಸಿ ಎಂದು ಡಾಕ್ಟರು ಹೇಳಿದ್ದನ್ನು ಅತ್ತಿಗೆಗೆ ಹೇಳಿದೆ. "ಕಬಡ್ಡಿ ಆಡೋ ಹುಡುಗಿಗಿ ಏನ್ ಧಾಡಿ ಆಗ್ಯಾದ? ದವಾಖಾನಿ ಸುತ್ತಿಸಿದ್ರ ನಾಳಿ ಯಾರ್ ಲಗ್ನ ಆಗ್ತಾರ?" ಎಂದು ನನ್ನ ಮೇಲೇ ಏರಿ ಬಂದರು. ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯಿತು.

ಮೊನ್ನೆ ಜಗಳವಾಡಿಯೇ ನಿನ್ನ ಭಾಗ್ಯಳನ್ನು ಯಾದಗಿರಿಗೆ ಕರೆದೊಯ್ದೆ. ಅಣ್ಣಾ, ಅವಳ ಇಸಿಜಿಯಲ್ಲೂ ಅದೇ ಅನುಮಾನ. ಎಕೋ ಆಗುವವರೆಗೆ ಆಟ ಬಂದ್ ಅಂದರು. ಹೊರಗೆ ಬಂದವಳೇ ಕೇಳಿದಳು: "ಅತ್ತಿ, ದಪ್ಪ ಆಗೂದು ಚಲೋನೇ ಅಲ್ಲೇನು? ಅಪ್ಪ ಹಂಗೇ ಅಂತಿದ್ದ." "ನಿಮ್ಮಪ್ಪಗ ತಿಳಿದಿದ್ದಿಲ್ಲವ್ವ" ಅಂದೆ. ಅಷ್ಟಕ್ಕೇ ಮುಖ ತಿರುಗಿಸಿದವಳು ಇನ್ನೂ ಮಾತು ಬಿಟ್ಟಿದ್ದಾಳೆ.

ನಾಳೆ ಅವಳನ್ನು ಕಲಬುರಗಿಗೆ ಕರೆದುಕೊಂಡು ಹೊರಟಿದ್ದೇನೆ. ಬಸ್ಸಿನಲ್ಲಿ ಮುಖ ಊದಿಸಿಕೊಂಡೇ ಕೂರುತ್ತಾಳೆ, ನಿನ್ನ ಮಗಳಲ್ಲವೇ. ಕೂರಲಿ. ನನ್ನ ಮೇಲಿನ ಸಿಟ್ಟಿನಲ್ಲೇ ಮುದುಕಿಯಾಗಲಿ ಅವಳು.

ನಿನ್ನ ತಂಗಿ