ಗಳ ಹತ್ತಿದ ಕೈ

ಯಡ್ತರೆ
18 ನವೆಂಬರ್ 2024

ಪ್ರೀತಿಯ ಜಿತೂ,

ನೀನೂ ಮಗಳು ಅನಿಷಾಳೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಫೋನು ಮೂರು ಸಲ ಬಂದರೂ ಎತ್ತಲಿಲ್ಲ. ಬೈದುಕೊಂಡಿರುತ್ತೀ, ಬೈದುಕೋ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ನಗುತ್ತೀ, ಹಿಂದಿನಿಂದ ನಿನ್ನ ಹೋಟೆಲಿನ ಪಾತ್ರೆಗಳ ಸದ್ದು ಬೇರೆ. ಅದಕ್ಕೇ ಈ ಕಾಗದ. ಪಿ.ಟಿ. ಮಾಸ್ಟ್ರ ಅಕ್ಷರ, ಕಷ್ಟಪಟ್ಟು ಓದು.

ನಿವೃತ್ತನಾದ ಮೇಲೂ ಶಾಲೆಯ ಮೈದಾನ ಬಿಟ್ಟಿಲ್ಲವೆಂದು ನನ್ನ ಹೆಂಡತಿ ಉಮಾವತಿ ದಿನಾ ಮಂಗಳಾರತಿ ಮಾಡುತ್ತಾಳೆ. ಬಿಡುವುದು ಹೇಗೆ? ನನ್ನ ಜಾಗಕ್ಕೆ ಬಂದವನನ್ನು ನೀನು ನೋಡಬೇಕು. ಯತೀಶ ಅಂತ. ಕಪ್ಪು ಕನ್ನಡಕ, ಕೊರಳಲ್ಲಿ ಎರಡು ಸೀಟಿ. ಎರಡು ಯಾಕೋ, ಊದುವ ಬಾಯಿ ಒಂದೇ. ಮಕ್ಕಳು ಪೋಲ್‌ವಾಲ್ಟಿಗೆ ಕೋಲು ಹಿಡಿದು ಓಡಿದರೆ ಇವನು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಾ ಪಕ್ಕದಲ್ಲಿ ಓಡುತ್ತಾನೆ. ಆಮೇಲೆ ಎಲ್ಲರನ್ನೂ ಮರದಡಿ ಕೂರಿಸಿ ಅದನ್ನೇ ನಿಧಾನಕ್ಕೆ ಓಡಿಸಿ ತೋರಿಸುತ್ತಾನೆ. ಸಿನಿಮಾ ನೋಡಿ ಕಲಿಯುವ ವಿದ್ಯೆಯೇನೋ ಇದು? ಹೆಡ್‌ಮಾಸ್ಟ್ರು ಇನ್ನೂ ದೊಡ್ಡ ಮನುಷ್ಯ. ಮಕ್ಕಳು ಬೀಳುವ ಹಾಸಿಗೆ ಹರಿದು ಸ್ಪಂಜು ಹೊರಗೆ ಬಂದಿದೆ ಎಂದರೆ, "ಅತಿಥಿಗಳು ಬಪ್ಪತಿಗೆ ಮೇಲೊಂದ್ ಜಮಖಾನ ಹಾಕುವ" ಎಂದರು.

ಈ ಸಂತೆಯಲ್ಲಿ ಒಂದು ಹುಡುಗಿ ಸಿಕ್ಕಿದಳು. ಪ್ರೇಕ್ಷಾ, ಹತ್ತನೇ ತರಗತಿ, ಮರವಂತೆಯ ಮೀನುಗಾರ ಪಾಂಡುವಿನ ಮಗಳು. ಅಪ್ಪನ ಜೊತೆ ಹೊಳೆಯಲ್ಲಿ ದೋಣಿ ನಡೆಸಿ ಬೆಳೆದವಳು. ಮೊದಲ ದಿನ ಕೋಲು ಕೈಗೆ ಕೊಟ್ಟರೆ, "ಇದ್ ನಮ್ ದೋಣಿ ಗಳಕ್ಕಿಂತ ಹಗುರ ಇತ್ತಲ ಮಾಸ್ಟ್ರೇ" ಎಂದಳು. ಕೊನೆಯ ಮೂರು ಹೆಜ್ಜೆಯಲ್ಲಿ ಕೋಲಿನ ತುದಿ ಇಳಿಸುವುದು, ಎರಡೂ ಕೈ ತಲೆಯ ಮೇಲೆತ್ತಿ ಗುಂಡಿಗೆ ಊರುವುದು, ನೆಲ ಬಿಡುವ ಕಾಲು ಸರಿಯಾಗಿ ಮೇಲಿನ ಕೈಯ ಕೆಳಗೇ ಇರುವುದು, ಉಳಿದವರಿಗೆ ತಿಂಗಳು ಹಿಡಿಯುವುದೆಲ್ಲ ಅವಳಿಗೆ ವಾರದಲ್ಲಿ ಬಂತು. ಎರಡು ಮೀಟರ್ ಮೂವತ್ತು ಹಾರಿದಳು ಮಾರಾಯ! ಜಿಲ್ಲೆಯಲ್ಲಿ ಗೆದ್ದರೆ ರಾಜ್ಯಮಟ್ಟ, ಅಲ್ಲಿ ಯಾರದಾದರೂ ಕಣ್ಣಿಗೆ ಬಿದ್ದರೆ ಕ್ರೀಡಾ ಹಾಸ್ಟೆಲು, ಓದು ಊಟ ಎಲ್ಲ ಅಲ್ಲೇ. ಹತ್ತನೆಯ ಆಚೆ ಓದಿಸುವುದಿಲ್ಲ ಎನ್ನುತ್ತಿದ್ದ ಪಾಂಡು ಕೂಡ "ಹಾಸ್ಟೆಲ್ ಸಿಕ್ರೆ ಹೋಯ್ಲಿ" ಎಂದು ಒಪ್ಪಿದ್ದ.

ಅವಳಿಗೆ ಒಂದೇ ಒಂದು ಅಭ್ಯಾಸ. ದೋಣಿಯಲ್ಲಿ ನಿಂತು ಉದ್ದನೆಯ ಗಳವನ್ನು ಹೊಳೆಯ ತಳಕ್ಕೆ ಊರಿ ಒತ್ತುವಾಗ ಕೈಯ ಮೇಲೆ ಕೈ ಇಟ್ಟು ಗಳ ಹತ್ತುತ್ತಾ ಹೋಗಬೇಕು, ಇಲ್ಲವಾದರೆ ದೋಣಿ ಮುಂದೆ ಸರಿಯುವುದಿಲ್ಲ. ಇವಳು ಗಾಳಿಯಲ್ಲೂ ಹಾಗೇ ಮಾಡುತ್ತಿದ್ದಳು. ನೆಲ ಬಿಟ್ಟ ಕೂಡಲೇ ಕೆಳಗಿನ ಕೈ ಮೇಲಿನ ಕೈಯನ್ನು ದಾಟುತ್ತಿತ್ತು. ಯತೀಶ ಮೊಬೈಲ್ ಹಿಡಿದು ಓಡಿಬಂದ. "ಸರ್, ಕಾಣಿ, ಅವ್ಳ ಕೆಳಗಿನ ಕೈ ಮೇಲ್ ಹೋತ್ತ್. ಇದ್ ಫೌಲ್. ಈಗ್ಲೇ ಬಿಡಿಸ್ಕ್."

"ಹ್ವಾಯ್, ನೀ ಹುಟ್ಟುಕೆ ಮುಂಚೆ ನಾ ಹಾರಿದ್ದೆ. ಮೊಬೈಲ್ ಕಿಸೆಗ್ ಹಾಕ್" ಎಂದೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಪ್ರೇಕ್ಷಾ ನಗಲಿಲ್ಲ. ಹತ್ತಿರ ಬಂದು, "ಹೌದಾ ಮಾಸ್ಟ್ರೇ?" ಎಂದು ಕೇಳಿದಳು. "ಅದೆಲ್ಲ ಎಂತದೂ ಇಲ್ಲೆ, ನೀ ಹಾರ್" ಎಂದೆ. ಕೈಯನ್ನು ಯಾರು ನೋಡುತ್ತಾರೆ ಜಿತೂ? ಎಲ್ಲರ ಕಣ್ಣೂ ಅಡ್ಡಪಟ್ಟಿಯ ಮೇಲೆ. ಇದು ನನ್ನ ಅನುಭವದ ಮಾತು.

ಕಳೆದ ವಾರ ಬ್ರಹ್ಮಾವರದಲ್ಲಿ ಜಿಲ್ಲಾ ಕೂಟ. ಭಾಷಣವೇ ಒಂದೂವರೆ ಗಂಟೆ. ಜನ್ಮದಲ್ಲಿ ಬಸ್ಸಿಗೂ ಓಡದ ಮಹಾಶಯರು ಓಟದ ಮಹತ್ವ ಹೇಳಿದರು. ಮಕ್ಕಳು ಬಿಸಿಲಲ್ಲಿ ಬಾಡಿದರು. ನಮ್ಮ ಸರದಿ ಬಂದಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೀರ್ಪುಗಾರ್ತಿ ಒಬ್ಬಳು, ಕೊಡೆ ಬಿಡಿಸಿಕೊಂಡು, ಕೆಂಪು ಬಾವುಟ ತೊಡೆಯ ಮೇಲಿಟ್ಟುಕೊಂಡು. ಇವಳಿಗೇನು ತಿಳಿದೀತು ಎಂದುಕೊಂಡೆ.

ಕೆಳಗಿನ ಎತ್ತರಗಳನ್ನು ಬಿಟ್ಟು ಎರಡು ಮೀಟರಿನಿಂದಲೇ ಶುರುಮಾಡಿದ ಪ್ರೇಕ್ಷಾ ಅಂಗೈಯಗಲ ಅಂತರ ಬಿಟ್ಟು ದಾಟಿದಳು. ಪಟ್ಟಿ ಅಲುಗಲಿಲ್ಲ. ಕೆಂಪು ಬಾವುಟ ಎದ್ದಿತು. ಇನ್ನೊಮ್ಮೆ ಹಾರಿದಳು, ಮತ್ತೆ ಕೆಂಪು. ಆ ಹೆಂಗಸು ಪಟ್ಟಿಯ ಕಡೆ ತಲೆಯನ್ನೇ ಎತ್ತಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ಮೂರನೆಯ ಸಲಕ್ಕೆ ಮೊದಲು ಪ್ರೇಕ್ಷಾ ನನ್ನತ್ತ ನೋಡಿದಳು. ನಾನು ಬೂಟಿನ ಲೇಸು ಕಟ್ಟುವ ನೆಪ ಮಾಡಿದೆ. ಮೈಗೆ ಹತ್ತಿದ ಅಭ್ಯಾಸ, ಆ ನಿಮಿಷಕ್ಕೆ ಬಿಡು ಎಂದರೆ ಬಿಟ್ಟೀತೇ? ಮೂರನೆಯದೂ ಕೆಂಪು. ಒಂದು ತೊಂಬತ್ತು ಹಾರಿದ ಹುಡುಗಿ ರಾಜ್ಯಮಟ್ಟಕ್ಕೆ ಹೋದಳು.

ಬಸ್ಸಿನಲ್ಲಿ ಯತೀಶ "ನಾನು ಹೇಳಿದ್ದೆನಲ್ಲ" ಎಂಬ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಬೈದು ಹಗುರಾಗುತ್ತಿದ್ದೆ. ಅಷ್ಟು ಉಪಕಾರವನ್ನೂ ಆ ಪ್ರಾಣಿ ಮಾಡಲಿಲ್ಲ.

ನಿನ್ನೆ ಹುಡುಗಿಯ ತಾಯಿ ವನಜ ಮನೆಗೆ ಬಂದಿದ್ದಳು. ಮಾರ್ಚ್ ಕಳೆದರೆ ಶಾಲೆ ಸಾಕು ಎಂದು ಪಾಂಡು ಹೇಳಿಯಾಗಿದೆಯಂತೆ. "ಹೆಣ್ಣ್ ಸಮ ಉಂಬುದಿಲ್ಲೆ ಮಾಸ್ಟ್ರೇ. ನಿಮ್ಗೆ ನಾಲ್ಕ್ ಮಾತ್ ಕೇಂಬುಕಂತ್ಲೇ ಹೊರಟದ್ದ್. ಅವ್ಳೇ ತಡೆದ್ಳ್. ‘ಮಾಸ್ಟ್ರಿಗೆ ಎಂತೂ ಹೇಳ್ಬೇಡ ಅಮ್ಮ, ಅವ್ರಿಗೆ ಆ ರೂಲ್ ಗೊತ್ತಿಲ್ಲೆ, ಪಾಪ’ ಅಂದ್ಳ್" ಎಂದಳು.

ಪಾಪ ಅಂದಳಂತೆ. ಊರನ್ನೆಲ್ಲ ಗೇಲಿ ಮಾಡಿದ ಈ ಭೋಜರಾಜ ಮಾಸ್ಟ್ರಿಗೆ! ನಾನು ಅವಳ ಅಮ್ಮನಿಗೆ ಚಹಾ ಕೂಡ ಕೊಡದೆ ಒಳಗೆ ಹೋದೆ.

ಇನ್ನು ನಿಲ್ಲಿಸುತ್ತೇನೆ. ಅನಿಷಾಳಿಗೆ ಒಳ್ಳೆಯದಾಗಲಿ, ನಿನ್ನ ಮಂಡಿನೋವು ಕಡಿಮೆಯಾಗಲಿ.

ನಿನ್ನ
ಭೋಜ

ತಾ.ಕ.: ಹೇಳಬೇಕಾದದ್ದು ಉಳಿದೇ ಹೋಯಿತು. ಆ ರೂಲ್ ನನಗೆ ಗೊತ್ತಿತ್ತು. 1979ರಲ್ಲಿ ಕುಂದಾಪುರದ ತಾಲೂಕು ಕೂಟದಲ್ಲೇ ಗೊತ್ತಿತ್ತು. ಬಿದಿರಿನ ಕೋಲು, ಕೊನೆಗೆ ಉಳಿದವರು ನಾವಿಬ್ಬರೇ. ನನ್ನ ಕೊನೆಯ ಹಾರಿಕೆಯಲ್ಲಿ ಕೆಳಗಿನ ಕೈಯನ್ನು ಬೇಕೆಂದೇ ಮೇಲೆ ಹಾಕಿದೆ. ಎಲ್ಲರೂ ಪಟ್ಟಿಯನ್ನು ನೋಡುತ್ತಿದ್ದರು, ನೀನೂ ಕೂಡ. ಆ ಸರ್ಟಿಫಿಕೇಟಿನಿಂದ ನಾನು ಮಾಸ್ಟ್ರಾದೆ, ನೀನು ಮುಂಬೈ ಬಸ್ಸು ಹತ್ತಿದೆ. ಊರಿಗೆ ಬಂದಾಗಲೆಲ್ಲ "ಒಂದೇ ಬೆರಳಿನ ಅಂತರ ಮರಾಯ, ಇಲ್ದಿರೆ ನಾನೇ ಗೆಲ್ತಿದ್ದೆ" ಎಂದು ನಗುತ್ತೀ. ಅಂದು ನನಗೆ ಸಿಕ್ಕ ಪದಕವನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ನೀನು ಸೋತಿರಲಿಲ್ಲ, ಜಿತೂ.