ಹಿಂದಿನ ಬೆಂಚಿನ ಹಾಡು

ಬಿಳೇಕಹಳ್ಳಿ, 1958

ಪೂಜ್ಯ ಅಯ್ಯನವರಿಗೆ ಜ್ಞಾನಮಣಿಯ ವಂದನೆಗಳು.

ಸಭೆಯವರೆಲ್ಲ ದಂಡು ಪ್ರದೇಶದ ದೊಡ್ಡ ಚರ್ಚಿಗೆ ಹೋಗತೊಡಗಿದ್ದರಿಂದ ನಮ್ಮೂರ ಚರ್ಚಿಗೆ ಬೀಗ ಹಾಕಿಸುವುದಾಗಿ ಬರೆದಿದ್ದೀರಿ. ನಾನೊಬ್ಬಳು ತಪ್ಪದೆ ಹೋಗುತ್ತಿದ್ದೇನೆ. ನಮ್ಮ ಯಜಮಾನರನ್ನು ಮಣ್ಣು ಮಾಡಿದ ದಿನ ನನ್ನ ಕೈ ಹಿಡಿದು ನಿಂತದ್ದು ಈ ಸಭೆಯೇ ಅಲ್ಲವೇ?

ಕಳೆದ ಭಾನುವಾರ ಬೆಳಿಗ್ಗೆ ಒಬ್ಬಳೇ ಕೂತು ಕೀರ್ತನೆಯ ಮೊದಲ ಸಾಲು ಹಾಡಿದೆ. ಎರಡನೆಯ ಸಾಲನ್ನು ಹಿಂದಿನ ಬೆಂಚಿನಿಂದ ಯಜಮಾನರು ಹಾಡಿದರು. ನಾನು ತಿರುಗಿ ನೋಡದೆ ಕೀರ್ತನೆ ಮುಗಿಸಿದೆ.

ಹೊರಗೆ ಹುಲ್ಲು ಹೊತ್ತು ನಿಂತಿದ್ದ ಪಕ್ಕದ ಮನೆಯ ಬೈರಮ್ಮ ಕೇಳಿದಳು: “ಏನಕ್ಕ, ಒಳಗೆ ಅಷ್ಟೊಂದು ಜನ ಹಾಡ್ತಿದ್ರು, ಒಬ್ರೂ ಈಚೆ ಬರ್ಲಿಲ್ವಲ್ಲ?”

ದಯವಿಟ್ಟು ಬೀಗ ಹಾಕಿಸಬೇಡಿ. ಬರುವ ಭಾನುವಾರ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ತಾವೇ ಬನ್ನಿ. ರೊಟ್ಟಿ ಮಾತ್ರ ಸ್ವಲ್ಪ ಹೆಚ್ಚಾಗಿಯೇ ತನ್ನಿ.

ತಮ್ಮ ಸಭೆಯವಳು,
ಜ್ಞಾನಮಣಿ