ಲಿಫ್ಟಿನಲ್ಲಿ ರೈಲು ಹತ್ತಿಸಿದ್ದು

ರುಮೈಥಿಯಾ, ಕುವೈತ್

ಸೊಸೆ ಸುಗಂಧಿಗೆ,

ನಿನ್ನ ಅತ್ತೆ ಬರೆಯುವುದು. ನನ್ನನ್ನು ಕೇಳದೆ ನಮ್ಮ ಕುಟುಂಬದಲ್ಲಿ ಮದುವೆ ನಡೆದಿಲ್ಲ. ಹನಿಮೂನೂ ನಡೆಯುವುದಿಲ್ಲವೆಂದು ಇಲ್ಲಿಯೂ ಹೇಳಿದ್ದೇನೆ.

ಮೊಮ್ಮಗಳು ಅಪೇಕ್ಷಾ ಮತ್ತು ಅವಳ ಗಂಡ ಸುಮಿತ್ ಮುಂದಿನ ವಾರ ಯುರೋಪಿನ ಐದು ಊರುಗಳನ್ನು ರೈಲಿನಲ್ಲಿ ಸುತ್ತುವರಂತೆ. ಕುವೈತಿನಲ್ಲಿ ರೈಲೇ ಇಲ್ಲ. ಇಲ್ಲಿ ಹುಟ್ಟಿ ಬೆಳೆದ ಈ ಇಬ್ಬರೂ ಸಾಮಾನು ಹಿಡಿದು ರೈಲು ಹತ್ತಿದವರಲ್ಲ. ಅಲ್ಲಿ ರೈಲು ಎಷ್ಟು ಹೊತ್ತು ನಿಲ್ಲುತ್ತದೆಂಬುದೂ ಇವರಿಗೆ ಗೊತ್ತಿಲ್ಲ.

ಇಬ್ಬರನ್ನೂ ನಮ್ಮ ಕಟ್ಟಡದ ಲಿಫ್ಟಿನ ಮುಂದೆ ನಿಲ್ಲಿಸಿ, "ಈ ಲಿಫ್ಟೇ ರೈಲು, ಹತ್ತಿ ನೋಡುವ" ಎಂದೆ. ಅಪೇಕ್ಷಾ ಒಳಗೆ ಹೋದಳು. ನೀನು ಕೊಟ್ಟ ದೊಡ್ಡ ಸೂಟ್‌ಕೇಸನ್ನು ಸುಮಿತ್ ಎಳೆದು ತರುವಷ್ಟರಲ್ಲಿ ಬಾಗಿಲು ಮುಚ್ಚಿತು. ಮದುಮಗಳು ಒಬ್ಬಳೇ ಮೇಲೆ ಹೋದಳು.

"ಈಗ ಕೆಳಗೆ ಬರ್ತಾಳಲ್ಲ ಅಜ್ಜಿ."

"ರೈಲು ವಾಪಸ್ ಬರ್ತದಾ ಮಗಾ?"

ಆದರೂ ಅಪೇಕ್ಷಾ, "ಸೂಟ್‌ಕೇಸ್ ಬಿಟ್ಟು ಹೋದರೆ ದೊಡ್ಡಮ್ಮ ಬೇಜಾರು ಮಾಡ್ತಾರೆ" ಎಂದು ನಿನ್ನ ಹೆಸರು ಹೇಳುತ್ತಾಳೆ. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ.

ನನ್ನ ಮೊಣಕಾಲು ನೋವು ಕಡಿಮೆಯಾಗಿದೆ. ಸೂಟ್‌ಕೇಸಿನಲ್ಲಿ ನೀನು ತುಂಬಿಸಿದ್ದ ಕೋರಿ ರೊಟ್ಟಿಗೆ ನಿನ್ನೆ ಮಧ್ಯಾಹ್ನ ಕೋಳಿ ಸಾರು ಮಾಡಿಸಿ ಎಲ್ಲರಿಗೂ ಬಡಿಸಿದೆ. ಮಕ್ಕಳಿಗೆ ಒಂದೊಂದು ಬೆನ್ನಿನ ಚೀಲ ತೆಗೆಸಿಕೊಟ್ಟೆ. ಖಾಲಿ ಸೂಟ್‌ಕೇಸನ್ನು, ಒಳಗೆ ಈ ಕಾರ್ಡ್ ಇಟ್ಟು, ಊರಿಗೆ ಹೊರಟಿರುವ ಪಕ್ಕದ ಮನೆಯ ಭೋಜ ಎಂಬವನ ಕೈಗೆ ಕೊಟ್ಟಾಗಿದೆ.